ಬಾಡಿಗೆದಾರರ ಸಮೇತ ಕೊಂಡ ಚಾಳು

ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ನನಗೆ ಬೇಕಾಗಿದ್ದದ್ದು ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುವ ಒಂದು ಬಾಗಿಲು. ಬಾಗಿಲು ಒಂದೇ ನಿಲ್ಲುವುದಿಲ್ಲ, ಅದಕ್ಕೊಂದು ಖೋಲಿ ಬೇಕಾಗುತ್ತದೆ ಎಂಬ ಕಾರಣಕ್ಕೆ ಖೋಲಿಯನ್ನೂ ಕೇಳುತ್ತಿದ್ದೆ.

ಆಗ ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಧಾರವಾಡವೂ ಮುಂಬಯಿ ಪ್ರಾಂತದಲ್ಲೇ ಇದ್ದುದರಿಂದ ನಾನು ನಾಡು ಬಿಟ್ಟು ಬಂದವಳೇನೂ ಅಲ್ಲ ಎಂದು ನನ್ನ ಭಾವ, ಅಂದರೆ ಗಂಡನ ಅಣ್ಣ, ಸಮಾಧಾನ ಹೇಳುತ್ತಿದ್ದರು. ಅವರು ರೈಲ್ವೆಯಲ್ಲಿ ಕಾರಕೂನರು. ಬಾಂದ್ರಾ ಸ್ಟೇಶನ್ನಿನ ಹತ್ತಿರ, ಸಾಲು ಖೋಲಿಗಳ ಚಾಳಿನಲ್ಲಿ ಅವರದೊಂದು ಖೋಲಿ. ಅದರೊಳಗೆ ಭಾವ, ಅವರ ಹೆಂಡತಿ ಅಂದರೆ ನನ್ನ ನೆಗೆಣ್ಣಿ, ಅವರ ಮೂವರು ಮಕ್ಕಳು, ಮತ್ತೆ ನಾವಿಬ್ಬರು. ನಡುವೆ ನೆಗೆಣ್ಣಿಯ ಹಳೆಯ ಸೀರೆಯ ಪರದೆ. ಪರದೆಯ ಈಚೆಗೆ ಒಲೆ, ನೀರಿನ ಹಂಡೆ ಮತ್ತು ನಾವು. ನೆಗೆಣ್ಣಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಬಂದ ವರ್ಷವೇ ಧಾರವಾಡದಲ್ಲಿ ನನ್ನ ಹಡೆದವ್ವ ತೀರಿಕೊಂಡಳು. ಅಪ್ಪ ಮೊದಲೇ ಹೋಗಿದ್ದರು. ನನಗೆ ಒಡಹುಟ್ಟಿದವರಿಲ್ಲ. ಮಣ್ಣು ಮುಗಿಸಿ ಬಾಂದ್ರಾಕ್ಕೆ ತಿರುಗಿ ಬಂದ ಮೇಲೆ ಒಮ್ಮೆ ಗಟ್ಟಿಯಾಗಿ ಅಳಬೇಕೆನಿಸಿತು. ಪರದೆಯ ಹಿಂದೆ ನಾನು ಅತ್ತರೆ ಪರದೆಯ ಮುಂದೆ ಮಕ್ಕಳು ಅಳುತ್ತಿದ್ದವು. ಹಾಗಾಗಿ ಚಾಳಿನ ಸಂಡಾಸಿಗೆ ಹೋಗಿ ಚಿಲಕ ಹಾಕಿಕೊಂಡು ಅಳಲು ಸುರು ಮಾಡಿದೆ. ಹೊರಗೆ ಸಾಲು ನಿಂತವರು ಡಬ್ಬಿಯಿಂದ ಬಾಗಿಲು ಬಡಿದರು. ಅರ್ಧಕ್ಕೇ ಕಣ್ಣೊರೆಸಿಕೊಂಡು ಬಂದೆ. ಉಳಿದರ್ಧ ಹಾಗೆಯೇ ಉಳಿಯಿತು.

ಮುಂದೆ ಕೆಲವು ತಿಂಗಳಿಗೆ ನನ್ನ ಕಾಕಾ ಧಾರವಾಡದ ನಮ್ಮ ಮನೆಯನ್ನು ಮಾರಿ ಹಣ ತಂದುಕೊಟ್ಟರು. ಬೀಗ ಹಾಕಿದ ಮನೆಗೆ ಗೆದ್ದಲು ಹಿಡಿಯುತ್ತದೆ, ಮಗಳಿಗೆ ಮುಂಬಯಿಯಲ್ಲಿ ಕೂತು ಗೆದ್ದಲು ಹೊಡೆಯಲಾಗುವುದಿಲ್ಲ ಎಂದು ನಾನೇ ಒಪ್ಪಿದ್ದೆ. ಗಂಟು ಕೈಗೆ ಬಂದಾಗ ನನಗೆ ದುಃಖಕ್ಕಿಂತ ಮೊದಲು ಬಾಗಿಲು ನೆನಪಾಯಿತು. ಮುಂಬಯಿಯಲ್ಲಿ ಖೋಲಿ ಹಿಡಿಯಬೇಕಾದರೆ ಬಾಡಿಗೆಯಲ್ಲದೆ ಮೊದಲಿಗೇ ಒಂದು ಇಡಿಗಂಟನ್ನು ಪಗಡಿ ಎಂದು ಕೊಡಬೇಕಿತ್ತು. ಅದಕ್ಕೆ ಈ ಹಣ ಧಾರಾಳವಾಗಿ ಸಾಕಾಗುತ್ತಿತ್ತು. ಧಾರಾಳವಾಗಿ ಸಾಕಾದದ್ದೇ ಮುಂದಿನ ಎಲ್ಲದಕ್ಕೂ ಮೂಲ.

ನನ್ನ ಗಂಡ ಬಟ್ಟೆ ವ್ಯಾಪಾರದ ಪೇಢಿಯೊಂದರಲ್ಲಿ ಗುಮಾಸ್ತರು. ದಿನವಿಡೀ ಪರರ ಲಾಭ ನೋಡಿ ಅವರಿಗೆ ತಮ್ಮದೂ ಒಂದಿಷ್ಟು ಇರಲಿ ಎನಿಸುತ್ತಿತ್ತು. ದಾದರಿನ ಉಡುಪಿ ಹೋಟೆಲೊಂದರಲ್ಲಿ ಅವರಿಗೆ ಒಬ್ಬ ದಲಾಲನ ಪರಿಚಯವಾಯಿತು. ಮೊದಲು ಅದೇ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ, ಈಗ ಮೂಲೆಯ ಟೇಬಲ್ಲಿನಲ್ಲಿ ಕೂತು ಖೋಲಿಗಳನ್ನು ಕೊಡಿಸುತ್ತಿದ್ದ. ಹಣ ನನ್ನದಾದ್ದರಿಂದ ನನ್ನನ್ನೂ ಕರೆದುಕೊಂಡು ಹೋದರು. ಹೆಂಗಸರು ಬಂದರೆ ಫ್ಯಾಮಿಲಿ ರೂಮಿನಲ್ಲಿ ಕೂರಿಸುತ್ತಿದ್ದರು. ಅಲ್ಲಿಯೂ ಬಾಗಿಲಿರಲಿಲ್ಲ, ಪರದೆ.

"ಪಗಡಿ ಕೊಟ್ಟು ಒಂದು ಖೋಲಿ ಹಿಡಿಯುವುದು ಎಂತಕ್ಕೆ ಮಾರಾಯ್ರೆ?" ಎಂದ ದಲಾಲ. "ಮುಲುಂಡಿನಲ್ಲಿ ಇಡೀ ಚಾಳೇ ಉಂಟು, ಆರು ಖೋಲಿ. ಸ್ವಲ್ಪ ಹೆಚ್ಚು ಹಾಕಿದರೆ ಆಯ್ತು. ಎಲ್ಲ ತಯಾರು, ಬಾಡಿಗೆದಾರರು ಸಮೇತ. ನೀವು ಒಂದು ಮೊಳೆ ಸಹ ಹೊಡೆಯುವುದು ಬೇಡ. ಕೀಲಿ ತೆಗೊಳ್ಳುವುದು, ತಿಂಗಳಾದರೆ ಬಾಡಿಗೆ ತೆಗೊಳ್ಳುವುದು."

"ಒಂದೂ ಖಾಲಿ ಇಲ್ಲೇನ್ರಿ?" ಎಂದು ನನ್ನ ಗಂಡ ಕೇಳಿದರು.

"ಒಂದೂ ಇಲ್ಲ. ಅದೇ ಅಲ್ವಾ ವಿಶೇಷ."

ನಮಗೂ ವಿಶೇಷವೆನಿಸಿತು. ಗಿರಾಕಿಗಳು ತುಂಬಿದ ಹೋಟೆಲನ್ನು ಕಂಡು ಹೋಟೆಲು ಒಳ್ಳೆಯದು ಅನ್ನುತ್ತೇವಲ್ಲ, ಹಾಗೆ. ನಾವು ಬಂದದ್ದು ಕೂರಲು ಜಾಗ ಹುಡುಕಿಕೊಂಡು ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ಕಾಫಿ ಬಂತು, ಕುಡಿದೆವು.

ಮನೆಗೆ ಬರುವಾಗ ಲೋಕಲ್ ರೈಲಿನಲ್ಲಿ ನನಗೆ ನೆನಪಾಗಿ, ಮತ್ತೆ ನಾವಿರುವುದೆಲ್ಲಿ ಎಂದು ಕೇಳಿದೆ. ನನ್ನ ಗಂಡ ನಕ್ಕರು. "ಆರು ಖೋಲ್ಯಾಗ ಒಬ್ಬರರೆ ಬಿಟ್ಟು ಹೋಗೂದಿಲ್ಲೇನು? ವರ್ಗ ಆಗತಾವ, ಊರಿಗೆ ಹೋಗತಾರ, ಸಾಯತಾರ. ಒಂದು ವರ್ಷದಾಗ ನಿನಗ ಖೋಲಿ, ಉಳಿದ ಐದರ ಬಾಡಿಗಿ." ಅವರು ಸ್ವಭಾವತಃ ಒಳ್ಳೆಯವರು. ಯಾರಾದರೂ ಸಾಯಲಿ ಎಂದು ಅಷ್ಟು ಸಮಾಧಾನದಿಂದ ಅವರು ಹೇಳಿದ್ದನ್ನು ನಾನು ಮತ್ತೆಂದೂ ಕೇಳಿಲ್ಲ.

ಕಾಗದಪತ್ರಗಳೆಲ್ಲ ಮುಗಿದ ದಿನ ಭಾವನಿಗೆ ಪೇಢೆ ಕೊಟ್ಟೆವು. ಭಾವ ಅದನ್ನು ತಿಂದು, ಕೈ ಒರೆಸಿಕೊಂಡು ಹೇಳಿದರು. "ಬಾಡಿಗಿ ಕಾಯ್ದೆ ಬಂದದಲ್ಲೋ. ಯುದ್ಧದ ಕಾಲದ ಬಾಡಿಗಿ ಅದ, ಏರಸೂಹಂಗಿಲ್ಲ. ಕೂತವರನ್ನ ಎಬ್ಬಸೂಹಂಗಿಲ್ಲ. ಹಂಚು ಒಡದರ ಮಾತ್ರ ನೀನ ಹಾಕಸಬೇಕು."

"ಮೊದಲ ಯಾಕ ಹೇಳಲಿಲ್ಲಣ್ಣಾ?"

"ನೀ ಕೇಳಲಿಲ್ಲ," ಎಂದರು ಭಾವ.

ಕೀಲಿಯ ಮಾತು ಹೇಳಬೇಕು. ಹಳೆಯ ಮಾಲೀಕ ಒಂದು ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ಗೌರವದಿಂದ ನನ್ನ ಗಂಡನಿಗೆ ಕೊಟ್ಟಿದ್ದ. ಆರು ಖೋಲಿಯಲ್ಲೂ ಜನವಿದ್ದ ಮೇಲೆ ಈ ಕೀಲಿ ಯಾವುದರದು ಎಂದು ನೋಡಲು ಒಂದು ರವಿವಾರ ನಾನೂ ಹೋದೆ. ಮುಲುಂಡು ಆಗ ಅರ್ಧ ಊರು, ಅರ್ಧ ಗದ್ದೆ. ಸ್ಟೇಶನ್ನಿನಿಂದ ತುಸು ದೂರ ನಡೆದರೆ ಒಂದು ನುಗ್ಗೆಮರ, ಅದರ ಪಕ್ಕಕ್ಕೆ ನಮ್ಮ ಚಾಳು. ಮಂಗಳೂರು ಹಂಚು, ಉದ್ದದ ಒಂದು ಪಡಸಾಲೆ, ಸಾಲಾಗಿ ಆರು ಬಾಗಿಲು. ಬಾಗಿಲುಗಳನ್ನು ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ಹಿತ್ತಲಿನಲ್ಲಿ ಮೂರು ಸಂಡಾಸುಗಳು. ಎರಡು ಬಾಡಿಗೆದಾರರಿಗೆ. ಮೂರನೆಯದಕ್ಕೆ ಬೀಗ. ಅದು ಮಾಲೀಕರದು. ಕೀಲಿ ಅದರದ್ದು.

ತೆರೆದು ಒಳಗೆ ಹೋಗಿ ಚಿಲಕ ಹಾಕಿ ನೋಡಿದೆ. ಚಿಲಕ ಚೆನ್ನಾಗಿತ್ತು. ನನ್ನ ತವರುಮನೆಯ ಬದಲಿಗೆ ನನ್ನದೆಂದು ಬಾಗಿಲು ಹಾಕಿಕೊಳ್ಳಲು ಸಿಕ್ಕ ಜಾಗ ಅದಾಗಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು. ದಲಾಲನ ಮೇಲೆ, ಗಂಡನ ಮೇಲೆ, ಗೆದ್ದಲಿನ ಮೇಲೆ. ತವರು ಮಾರಿ ಸಂಡಾಸು ಕೊಂಡವಳು ನಾನೊಬ್ಬಳೇ ಇರಬೇಕು ಎಂದು ಬಾಂದ್ರಾ ಮುಟ್ಟುವವರೆಗೆ ಹೇಳುತ್ತ ಬಂದೆ. ನನ್ನ ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದರು.

ಆಮೇಲೆ ಪ್ರತಿ ತಿಂಗಳು ಒಂದು ರವಿವಾರ ಅವರು ಬಾಡಿಗೆಗೆ ಹೋಗುತ್ತಿದ್ದರು. ತಿರುಗಿ ಬರುವಾಗ ಹಂಚು, ನಲ್ಲಿ, ಗಟಾರ ಎಂಬ ಸುದ್ದಿಗಳನ್ನು ತರುತ್ತಿದ್ದರು. ಬಾಡಿಗೆ ಹಂಚಿನವನಿಗೆ ಹೋಗುತ್ತಿತ್ತು. ಒಂದೊಂದು ಸಲ ಬಾಡಿಗೆದಾರರು ಕಟ್ಟಿಕೊಟ್ಟ ಶೇಂಗಾ ಚಟ್ನಿ ಮಾತ್ರ ಮನೆಯವರೆಗೆ ಬರುತ್ತಿತ್ತು. ಚಟ್ನಿ ಮೂಲೆಯ ಖೋಲಿಯ ಮುದುಕಿಯದು. ಬಿಜಾಪುರದ ಕಡೆಯವಳು, ಗಂಡ ಸತ್ತವಳು, ಒಬ್ಬಳೇ ಇದ್ದಳು. ವಿಕ್ರೋಳಿಯ ಕಾರ್ಖಾನೆಗಳಿಗೆ ಹೋಗುವ ನಮ್ಮ ಕಡೆಯ ಒಂಟಿ ಗಂಡಸರಿಗೆ ಜೋಳದ ರೊಟ್ಟಿ ಬಡಿದು ಕಟ್ಟಿ ಕೊಡುತ್ತಿದ್ದಳು. ಅವಳ ಮಗ ಬೆಳಗಾವಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದಾನೆ ಎಂದು ನನ್ನ ಗಂಡ ಹೇಳಿದರು.

ಚಟ್ನಿ ತಿನ್ನುತ್ತಿದ್ದ ನಾನು ಕೈ ನಿಲ್ಲಿಸಿದೆ. ಬೆಳಗಾವಿಯಲ್ಲಿ ಮಗ, ಮನೆ. ಇಲ್ಲಿ ಒಬ್ಬಳಿಗೆ ಒಂದು ಖೋಲಿ. ಖೋಲಿ ಬಿಡು ಎಂದು ಅವಳನ್ನು ಕೇಳುವ ಧೈರ್ಯ ನನ್ನ ಗಂಡನಿಗಿರಲಿಲ್ಲ. ಉಂಡ ಮನೆಯ ಜಂತಿ ಎಣಿಸಬಾರದು ಎಂದರು. ಜಂತಿ ಎಣಿಸದೆ ಹಂಚಿನವನಿಗೆ ಹಣ ಹೇಗೆ ಕೊಡುತ್ತೀರಿ ಎಂದು ಕೇಳಿದೆ. ಕೊನೆಗೆ ಚಾಳಿಗೆ ನಾನೇ ಹೋಗುವುದು, ಅವರು ಮುಲುಂಡು ಸ್ಟೇಶನ್ನಿನಲ್ಲಿ ಕಾಯುವುದು ಎಂದು ಆಯಿತು. ಹೆಂಗಸರ ಡಬ್ಬಿಯಲ್ಲಿ ಕೂತು ದಾದರಿನಿಂದ ಮುಲುಂಡಿನವರೆಗೆ ಮಾತು ಬಾಯಿಪಾಠ ಮಾಡಿಕೊಂಡೆ: ನೋಡ್ರಿ, ನಿಮಗ ಮಗ ಇದ್ದಾನ, ಮನಿ ಅದ, ನನಗ ಎರಡೂ ಇಲ್ಲ, ಖೋಲಿ ಬಿಟ್ಟುಕೊಡ್ರಿ. ಎಲ್ಲೂ ತಪ್ಪುತ್ತಿರಲಿಲ್ಲ.

ಮುದುಕಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಹಣೆಗೆ ವಿಭೂತಿ, ದೊಡ್ಡ ದನಿ.

"ಮಾಲಕರ ಹೇಂತಿ ಏನವಾ ನೀ? ಬಾ, ಒಳಗ ಬಾ. ಮೊದಲನೇ ಸಲ ಹೊಸ್ತಿಲಾ ತುಳದೀ, ಬರೇ ಉಡೀಲೆ ಹೋಗಬಾರದು."

ನಾನು ಬಾಯಿ ತೆರೆಯುವುದರೊಳಗೆ ಪಕ್ಕದ ಖೋಲಿಯ ಸಾತಾರಾ ಕಡೆಯ ಹೆಂಗಸನ್ನು ಕರೆದಳು. ತಾನು ಗಂಡ ಸತ್ತವಳು, ಕುಂಕುಮ ಕೊಡುವಂತಿರಲಿಲ್ಲ. ತಾಟು ತಯಾರು ಮಾಡಿ ಅವಳ ಕೈಗೆ ಕೊಟ್ಟು, ತಾನು ಗೋಡೆಗೆ ಆತು ಕೂತು, ಹೇಗೆ ಮಾಡಬೇಕೆಂದು ಹೇಳತೊಡಗಿದಳು. ನಾನು ನೋಡುತ್ತಿದ್ದಂತೆ ನನ್ನ ಕೈಗಳು ಸೆರಗನ್ನು ಒಡ್ಡಿದವು. ಚಿಕ್ಕಂದಿನಿಂದ ರೂಢಿಯಾದ ಕೈಗಳು, ಮಾಲೀಕತನ ಅವಕ್ಕೆ ಇನ್ನೂ ಗೊತ್ತಿರಲಿಲ್ಲ.

ಉಡಿ ತುಂಬುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು, ಒಂದು ಕುಪ್ಪಸದ ಖಣ ಹಾಕುತ್ತಾರೆ. ಬೇಡ ಅನ್ನುವಂತಿಲ್ಲ. ಹಾಕಿದ್ದನ್ನು ತಿರುಗಿ ಕೊಡುವಂತಿಲ್ಲ. ಗಂಡನ ಮನೆಗೆ ಒಯ್ದು ದೇವರ ಮುಂದೆಯೇ ಬಿಚ್ಚಬೇಕು. ಉಡಿ ತುಂಬಿದ ಮನೆಗೆ ಅವಳು ಆ ಹೊತ್ತಿನಿಂದ ಮಗಳು. ಹೋದ ಕೆಲಸ ಮೊದಲು ಮಾಡಿ ಆಮೇಲೆ ಸೆರಗು ಒಡ್ಡಬೇಕಾಗಿತ್ತು. ಈಗ ಎದ್ದು ಖೋಲಿ ಬಿಡಿ ಎನ್ನುವುದು ಹೇಗೆ? ಮುದುಕಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಸುದ್ದಿ ಪಡಸಾಲೆಯ ಉದ್ದಕ್ಕೂ ಹೋಯಿತು. ಒಬ್ಬರು ತುಂಬಿದ ಮೇಲೆ ಉಳಿದವರು ಬಿಡುತ್ತಾರೆಯೆ? ಹೆಂಗಸರಿದ್ದ ಖೋಲಿಗಳವರೆಲ್ಲ ತುಂಬಿದರು. ಕೊನೆಯ ಖೋಲಿಯಲ್ಲಿ ಉಡುಪಿ ಕಡೆಯ ಅಡುಗೆಯವರು ಮೂರು ನಾಲ್ಕು ಜನ ಗಂಡಸರೇ ಇದ್ದರು. ಅವರು ಬಾಳೆಹಣ್ಣು ಕೊಟ್ಟರು. ಸೆರಗು ಭಾರವಾಗಿ ಸ್ಟೇಶನ್ನಿಗೆ ಬಂದೆ. ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದ ನನ್ನ ಗಂಡ ಕೇಳಿದರು, "ಏನಂದಳು?"

"ಅಕ್ಕಿ ಕೊಟ್ಟಳು," ಎಂದೆ.

ಭಾವ ಇದನ್ನು ಕೇಳಿ ಅಡುಗೆಯವರ ಬಾಳೆಹಣ್ಣೊಂದನ್ನು ಸುಲಿದರು. "ಇನ್ನ ಕೋರ್ಟಿಗೆ ಹೋಗೂ ಮಾತೂ ಮುಗೀತು," ಎಂದರು. "ತವರಿನ ಮ್ಯಾಲೆ ದಾವೆ ಹೂಡಿದಂಗ ಆಗತದ."

ಮರುವರ್ಷ ನಾನು ಬಸುರಾದೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನೆಗೆಣ್ಣಿ ಒಂದು ದಿನ ರೊಟ್ಟಿ ಮಾಡುತ್ತ ಅಭ್ಯಾಸದಂತೆ "ತವರಿಗೆ ಯಾವಾಗ ಹೋಗಾಕಿ?" ಎಂದು ಕೇಳಿ, ಕೇಳಿದ ಮೇಲೆ ನೆನಪಾಗಿ ರೊಟ್ಟಿ ತಿರುವುವುದನ್ನು ಮರೆತಳು. ರೊಟ್ಟಿ ಹೊತ್ತಿತು. ಪರದೆಯ ಈಚೆಗೆ ನಾವಿಬ್ಬರು ಮಲಗಿದರೆ ಕಾಲು ಹಂಡೆಗೆ ತಾಗುತ್ತಿತ್ತು. ಮೂರನೆಯದೊಂದು ಜೀವವನ್ನು ಎಲ್ಲಿ ಮಲಗಿಸುವುದು ಎಂದು ಅವಳೂ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ. ನನಗೆ ಭಯವಾಯಿತು. ಈ ಸಲ ಸೆರಗು ಒಡ್ಡಬಾರದು ಎಂದು ನಿಶ್ಚಯಿಸಿ ಮತ್ತೆ ಮುಲುಂಡಿಗೆ ಹೋದೆ.

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಷ್ಟರಾಗ ಅದ?"

"ಏಳರಾಗ."

"ಬಾಣಂತನ ಎಲ್ಲಿ?"

ಬಾಯಿಪಾಠ ಮಾಡಿಕೊಂಡ ಮಾತು ಬೇರೆಯೇ ಇತ್ತು. "ಎಲ್ಲೂ ಇಲ್ಲ," ಎಂದುಬಿಟ್ಟೆ.

"ಹಂಗಂದರೇನು? ಉಡಿ ತುಂಬಿದವರು ಸತ್ತೇವೇನು? ಇಲ್ಲೇ ಬಾ."

ಹೀಗೆ ನಾನು ಯಾವ ಖೋಲಿಯನ್ನು ಬಿಡಿಸಲು ಹೋಗಿದ್ದೆನೋ ಅದೇ ಖೋಲಿಗೆ ಬಾಣಂತನಕ್ಕೆ ಬಂದೆ. ಮಗಳು ಹತ್ತಿರದ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದಳು. ಅಂದಿನಿಂದ ಮುದುಕಿಯನ್ನು ಅವ್ವ ಎಂದೇ ಕರೆದೆ. ಅವ್ವ ಎಣ್ಣೆ ಹಚ್ಚಿ ಸುಡುಸುಡು ನೀರು ಹಾಕಿದಳು, ಲೋಬಾನದ ಹೊಗೆ ಕೊಟ್ಟಳು, ಅಂಟಿನ ಉಂಡೆ ಕಟ್ಟಿದಳು. ನಡುವೆ ವಿಕ್ರೋಳಿಯವರ ರೊಟ್ಟಿ ಬಡಿದಳು. ತೊಟ್ಟಿಲು ಕಟ್ಟಬೇಕಾದಾಗ ಜಂತಿಗಳನ್ನು ಒಂದೊಂದಾಗಿ ಕೋಲಿನಿಂದ ತಟ್ಟಿ ನೋಡಿ, ಇವುಗಳಲ್ಲಿ ಯಾವುದನ್ನೂ ನಂಬುವಂತಿಲ್ಲ ಎಂದಳು. ನನ್ನ ಗಂಡ ಆ ವಾರವೇ ಹೊಸ ಜಂತಿ ಹಾಕಿಸಿದರು. ಎರಡನೆಯ ಸಲ ಹೇಳಿಸಿಕೊಳ್ಳದೆ ಅವರು ಮಾಡಿಸಿದ ರಿಪೇರಿ ಅದೇ ಮೊದಲು.

ನಾನಿದ್ದ ತಿಂಗಳುಗಳಲ್ಲೂ ಅವ್ವ ಬಾಡಿಗೆಯನ್ನು ತಪ್ಪಿಸಲಿಲ್ಲ. ನನ್ನ ಗಂಡ ಸಂಕೋಚಪಟ್ಟು ಕೈ ಹಿಂದಕ್ಕೆ ಎಳೆದುಕೊಂಡರು. "ಬಾಡಿಗಿ ಬ್ಯಾರೆ, ಬಾಣಂತನ ಬ್ಯಾರೆ. ತಗೋರಿ ಅಳ್ಯಾರ," ಎಂದಳು. ಅಳಿಯಂದಿರು ತೆಗೆದುಕೊಂಡು, ಅಲ್ಲಿಯೇ ಕೂತು, ಪಾವತಿ ಚೀಟಿ ಬರೆದುಕೊಟ್ಟು, ಹೋಳಿಗೆ ಉಂಡು ಹೋದರು.

ಮಧ್ಯಾಹ್ನ ಅವ್ವ ಬಾಗಿಲು ಮುಚ್ಚಿ ಚಿಲಕ ಹಾಕುತ್ತಿದ್ದಳು. ಬಾಣಂತಿಗೆ ಗಾಳಿ ಸೋಕಬಾರದು ಎಂದು ನನಗೆ ಹೇಳುತ್ತಿದ್ದಳು. ನಾನು ಬರುವ ಮೊದಲೂ ಹಾಗೇ ಹಾಕುತ್ತಿದ್ದಳಂತೆ. ಒಂದು ದಿನ ಮಗುವಿನ ಕಾಲು ತಿಕ್ಕುತ್ತ ತಾನಾಗಿಯೇ ಹೇಳಿದಳು. "ಮಗ ಬಾ ಬಾ ಅಂತಾನ. ಸೊಸೀನೂ ಕೆಟ್ಟಾಕಿ ಅಲ್ಲ. ಆದರ ಅಲ್ಲಿ ಬಾಗಲಾ ಆಕೀದು. ಇಲ್ಲಿ ನಂದು. ಮನಸ್ಸಿಗೆ ಬಂದಾಗ ಹಾಕ್ಕೋತೀನಿ, ಮನಸ್ಸಿಗೆ ಬಂದಾಗ ತಗೀತೀನಿ." ನಾನು ಮುಚ್ಚಿದ ಬಾಗಿಲನ್ನು ನೋಡುತ್ತ ಮಲಗಿದ್ದೆ. ನನಗೆ ಅಷ್ಟು ಸುಖವಾಗಿದ್ದ ದಿನಗಳು ಹೆಚ್ಚಿಲ್ಲ.

ಐದನೆಯ ತಿಂಗಳಿಗೆ ಬಾಣಂತಿ ಮಗಳನ್ನು ಗಂಡನ ಮನೆಗೆ ಕಳಿಸಬೇಕು, ಪದ್ಧತಿ. ಹೊರಡುವ ದಿನ ಬೆಳಿಗ್ಗೆ ನನ್ನ ಟ್ರಂಕಿನ ಪಕ್ಕದಲ್ಲಿ ಇನ್ನೊಂದು ಟ್ರಂಕು ಇತ್ತು. ಅದು ಅವ್ವನದು. ನಾನು ಕೇಳುವ ಮೊದಲೇ ಸೊಂಟದಿಂದ ಕೀಲಿ ಬಿಚ್ಚಿ ನನ್ನ ಮುಂದೆ ಹಿಡಿದಳು.

"ಮಗ ಮುಂದಿನ ವಾರ ಬರತಾನ, ಕರಕೊಂಡು ಹೋಗಾಕ. ನಾ ಬೆಳಗಾವಿಗೆ ಹೋಗತೀನಿ. ಖೋಲಿ ನಿನಗ ಇರಲಿ. ಕೂಸು ಒಲೀ ಮಗ್ಗಲಕ ಬೆಳೀಬಾರದು."

ಮೂರು ವರ್ಷದಿಂದ ಬೇಡಿದ್ದು ಎದುರಿಗಿತ್ತು. ಪಗಡಿಯಿಲ್ಲ, ಕೋರ್ಟಿಲ್ಲ. ಕೈ ಚಾಚಿದರೆ ಆಯಿತು. ಮಗುವನ್ನು ಎತ್ತಿಕೊಂಡಿದ್ದೆನಾದ್ದರಿಂದ ಕೈ ತಡವಾಯಿತು, ಅಷ್ಟರಲ್ಲಿ ಬಾಯಿ ಮುಂದಾಯಿತು.

"ತವರಿನವರು ಮಗಳನ್ನ ಕಳಸತಾರ," ಎಂದೆ. "ಮಗಳಿಗೆ ಮನಿ ಬಿಟ್ಟು ತಾವ ಹೋಗತಾರೇನು? ಪಂಚಮಿ ಹಬ್ಬಕ್ಕ ತವರಿಗೆ ಅಂತ ನಾ ಎಲ್ಲಿ ಬರಬೇಕು? ನೀ ಹೋಗಿ ಸೊಸೀ ಬಾಗಲಾ ಕಾಯಿ, ನಾ ಇಲ್ಲಿ ನಿನ್ನ ಜಂತಿ ಎಣಿಸಿಕೋತ ಕೂಡತೀನಿ. ಇಡು ಆ ಕೀಲಿ."

ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಪಕ್ಕದ ಖೋಲಿಯವಳು ಬಂದು ನಿಂತಳು. ಅವ್ವ ನನ್ನನ್ನು ನೋಡಿದಳು, ಕೀಲಿಯನ್ನು ತಿರುಗಿ ಸೊಂಟಕ್ಕೆ ಸಿಕ್ಕಿಸಿದಳು. ಬಂದವಳಿಗೆ "ಉಡಿ ತುಂಬು" ಎಂದಳು. ತಾನು ತಾಟು ತಯಾರು ಮಾಡಲು ಒಳಗೆ ಹೋದಳು. ಎಂದಿನಂತೆ ಗೋಡೆಗೆ ಆತು ಕೂತು, ಎಷ್ಟು ಅಕ್ಕಿ, ಯಾವ ಕೈ ಎಂದು ಹೇಳಿದಳು. ಕೊನೆಗೆ ಟ್ರಂಕಿನಿಂದ ತನ್ನ ಸೀರೆಗಳನ್ನು ತೆಗೆದು ಹಗ್ಗದ ಮೇಲೆ ಹಾಕುತ್ತಿದ್ದುದನ್ನು ನಾನು ಪಡಸಾಲೆಯಿಂದ ನೋಡಿದೆ.

ನನ್ನ ಗಂಡ ತೊಟ್ಟಿಲನ್ನು ಹೊತ್ತುಕೊಂಡರು, ನಾನು ಮಗುವನ್ನೂ ಉಡಿಯನ್ನೂ. ಅವ್ವ ಖೋಲಿ ಬಿಡಲು ಒಪ್ಪಿದ್ದಳು ಎಂದು ಅವರಿಗೆ ಲೋಕಲ್ಲಿನಲ್ಲಿ ಹೇಳಿದೆ. ಬೇಡವೆಂದದ್ದನ್ನೂ ಹೇಳಿದೆ. ಘಾಟ್‌ಕೋಪರ್ ದಾಟುವವರೆಗೆ ತೊಟ್ಟಿಲಿನ ಹಗ್ಗ ಸುತ್ತುತ್ತಿದ್ದರು. ಆಮೇಲೆ, "ದಲಾಲಗ ಇದನ್ನ ಹೇಳಬಾರದು," ಎಂದರು.

ಬಾಂದ್ರಾದಲ್ಲಿ ಎಲ್ಲ ಇದ್ದಂತೆಯೇ ಇತ್ತು, ಪರದೆ, ಹಂಡೆ, ಒಲೆ. ನೆಗೆಣ್ಣಿ ಮಗುವನ್ನು ಇಸಿದುಕೊಂಡಳು. ನಾನು ದೇವರ ಹಲಗೆಯ ಮುಂದೆ ಕೂತು ಉಡಿ ಬಿಚ್ಚಿ ತಾಟಿಗೆ ಸುರಿದೆ. ಅಕ್ಕಿ ಬಿತ್ತು, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು, ಖಣ. ಅಕ್ಕಿಯೊಳಗಿನಿಂದ ಕೊನೆಗೆ ಟಣ್ಣೆಂದು ಒಂದು ಕೀಲಿ ಬಿತ್ತು. ಅವ್ವನ ಬೀಗಕ್ಕೆ ಎರಡು ಕೀಲಿಗಳಿದ್ದವು. ಒಂದು ಅವಳ ಸೊಂಟದಲ್ಲಿತ್ತು, ನಾನೇ ಕಂಡಿದ್ದೆ. ಇದು ಇನ್ನೊಂದು. ಉಡಿಗೆ ಬಿದ್ದದ್ದನ್ನು ತಿರುಗಿ ಕೊಡುವಂತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ನನ್ನ ಗಂಡ ಬಗ್ಗಿ ನೋಡಿದರು. "ಅಂದರ ಖೋಲಿ ಬಿಡತಾಳೇನು?"

"ಇಲ್ಲ."

"ಮತ್ತ ಕೀಲಿ ಯಾಕ ಕೊಟ್ಟಾಳ?"

"ತವರಿನ ಕೀಲಿ ಮಗಳ ಹತ್ತಿರ ಒಂದು ಇರತದ," ಎಂದೆ. ಧಾರವಾಡದ ಮನೆಯದೂ ನನ್ನ ಹತ್ತಿರ ಒಂದು ಇತ್ತು, ಮಾರಿದಾಗ ಕಾಕಾನ ಕೈಗೆ ಕೊಟ್ಟಿದ್ದೆ ಎಂದು ಮುಂದೆ ಹೇಳಬೇಕೆಂದಿದ್ದೆ, ಆಗಲಿಲ್ಲ. ಹಡೆದವ್ವ ಸತ್ತಾಗ ಅರ್ಧಕ್ಕೇ ನಿಂತದ್ದು ಆಗ ಬಂತು. ಬಾಗಿಲು ಹಾಕಿಕೊಂಡು ಅಳಲು ಖೋಲಿ ಇರಲಿಲ್ಲ. ಎಲ್ಲರ ಮುಂದೆಯೇ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಗಟ್ಟಿಯಾಗಿ, ಮುಗಿಯುವವರೆಗೂ ಅತ್ತೆ. ಮಕ್ಕಳು ಅಳಲಿಲ್ಲ. ನೆಗೆಣ್ಣಿ ಎದ್ದು ಪರದೆ ಎಳೆದು ಆಚೆ ಹೋದಳು.